ಕ್ಲೀನ್ ಮಾಡಿದ ಮೇಲೆ ಕಂಪ್ಯೂಟರ್ ಆನ್ ಆಗುತ್ತಿಲ್ಲವೇ? ರಬ್ಬರ್ ಹಿಡಿಯುವ ಮೊದಲು ಇದನ್ನು ಓದಿ

ಆಯುಧಪೂಜೆ ಬಂದರೆ ಗಾಡಿ, ಮಿಕ್ಸಿ ಜೊತೆಗೆ ಕಂಪ್ಯೂಟರ್‌ನ ಧೂಳು ಒರೆಸುವ ಸರದಿಯೂ ಬರುತ್ತದೆ. ಡೆಸ್ಕ್‌ಟಾಪ್‌ನ ಪೆಟ್ಟಿಗೆ ಬಿಚ್ಚಿ, ಧೂಳು ಹೊಡೆದು, ಮುಚ್ಚಿ ಸ್ವಿಚ್ ಒತ್ತಿದರೆ ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಕಪ್ಪು! ಆಗ ವಾಟ್ಸಾಪ್‌ನಲ್ಲಿ ಸಿಗುವ ಸಲಹೆ: "ರ್‍ಯಾಮ್ ತೆಗೆದು ಪೆನ್ಸಿಲ್ ರಬ್ಬರ್‌ನಿಂದ ಉಜ್ಜಿ." ಕೆಲವೊಮ್ಮೆ "ಮದರ್‌ಬೋರ್ಡೇ ಸುಟ್ಟಿದೆ" ಎಂಬ ಮಾತೂ ಕೇಳಿಬರುತ್ತದೆ. ಇದರಲ್ಲಿ ನಿಜವೆಷ್ಟು?

ನಿಜಕ್ಕೂ ಏನಾಗಿರುತ್ತದೆ?

ನಿನ್ನೆಯವರೆಗೆ ಓಡುತ್ತಿದ್ದ ಕಂಪ್ಯೂಟರ್ ಕ್ಲೀನ್ ಮಾಡಿದ ಕೂಡಲೇ ನಿಂತರೆ, ಮೊದಲು ಅನುಮಾನಿಸಬೇಕಾದ್ದು ಸಡಿಲವಾದ ಜೋಡಣೆಯನ್ನು. ಒಂದು ಡಿಡಿಆರ್4 ರ್‍ಯಾಮ್ ಪಟ್ಟಿಯಲ್ಲಿ 288 ಸಂಪರ್ಕ ಬಿಂದುಗಳಿವೆ. ಬ್ರಷ್ ತಗುಲಿ ಪಟ್ಟಿ ಸ್ವಲ್ಪ ಓರೆಯಾದರೂ ಸಾಕು, ಕಂಪ್ಯೂಟರ್ ಶುರುವಾಗದಿರಬಹುದು.

ರಬ್ಬರ್ ಉಜ್ಜಿದರೆ ಸರಿಹೋಗುತ್ತದೆಯೇ?

ಅರ್ಧ ಸತ್ಯ. ರಬ್ಬರ್ ಆ ಬಿಂದುಗಳ ಮೇಲಿನ ಕೊಳೆ ತೆಗೆಯುತ್ತದೆ ನಿಜ. ಆದರೆ ಉಜ್ಜಲು ರ್‍ಯಾಮ್ ಹೊರತೆಗೆದು ಮತ್ತೆ ಗಟ್ಟಿಯಾಗಿ ಕೂರಿಸುತ್ತೀರಲ್ಲ, ಬಹಳಷ್ಟು ಸಲ ಕೆಲಸ ಮಾಡುವುದು ಅದೇ. ಹೆಸರು ಮಾತ್ರ ರಬ್ಬರ್‌ಗೆ! ಪದೇ ಪದೇ ಉಜ್ಜಿದರೆ ಬಿಂದುಗಳ ಮೇಲಿನ ತೆಳುವಾದ ಚಿನ್ನದ ಲೇಪನ ಸವೆಯುತ್ತದೆ, ರಬ್ಬರ್ ಪುಡಿ ಸ್ಲಾಟ್‌ನಲ್ಲಿ ಉಳಿಯುತ್ತದೆ. ಮೊದಲು ಬರೀ ಕೂರಿಸಿ ನೋಡಿ.

ಈ ಕ್ರಮದಲ್ಲಿ ಪರೀಕ್ಷಿಸಿ

ಮೊದಲು ಗೋಡೆಯ ಪ್ಲಗ್ ಕೀಳಿ. ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಪೆಟ್ಟಿಗೆಯ ಬಣ್ಣವಿಲ್ಲದ ಲೋಹದ ಭಾಗ ಮುಟ್ಟಿ, ನಂತರ ಒಳಗೆ ಕೈ ಹಾಕಿ. ಪ್ರತಿ ಹಂತದ ನಂತರ ಪ್ಲಗ್ ಹಾಕಿ ನೋಡಿ, ಮತ್ತೆ ಮುಟ್ಟುವ ಮುನ್ನ ಕೀಳಿ.

1. ಫ್ಯಾನೂ ತಿರುಗುತ್ತಿಲ್ಲ: ಹಿಂಬದಿಯ ಎಸ್‌ಎಂಪಿಎಸ್ ಸ್ವಿಚ್ ನೋಡಿ. ಗೆರೆ ಇರುವ ಬದಿ ಒತ್ತಿರಬೇಕು, ಸೊನ್ನೆಯ ಬದಿ ಅಲ್ಲ. ನಂತರ ಮದರ್‌ಬೋರ್ಡ್‌ಗೆ ಹೋಗುವ 24 ಪಿನ್ ಕೇಬಲ್ ಮತ್ತು ಪವರ್ ಬಟನ್‌ನ ಸಣ್ಣ ವೈರ್ ಪರೀಕ್ಷಿಸಿ.

2. ಫ್ಯಾನ್ ತಿರುಗುತ್ತದೆ, ಚಿತ್ರವಿಲ್ಲ: ರ್‍ಯಾಮ್ ತೆಗೆದು, ಕ್ಲಿಪ್ 'ಟಕ್' ಎನ್ನುವವರೆಗೆ ಒತ್ತಿ ಕೂರಿಸಿ. ಎರಡಿದ್ದರೆ ಒಂದೊಂದನ್ನೇ ಹಾಕಿ ನೋಡಿ. ಪ್ರೊಸೆಸರ್ ಬಳಿಯ 4 ಅಥವಾ 8 ಪಿನ್ ಕೇಬಲ್ ಒತ್ತಿ. ಗ್ರಾಫಿಕ್ಸ್ ಕಾರ್ಡ್ ಇದ್ದರೆ ಮಾನಿಟರ್ ಕೇಬಲ್ ಅದಕ್ಕೇ ಹಾಕಿರಬೇಕು, ಮದರ್‌ಬೋರ್ಡ್‌ಗಲ್ಲ. ಡಿಡಿಆರ್5 ರ್‍ಯಾಮ್ ಇದ್ದರೆ ಮರುಜೋಡಣೆಯ ನಂತರ ಪರದೆ ಕೆಲವು ನಿಮಿಷ ಕಪ್ಪಾಗಿಯೇ ಇರಬಹುದು, ಕಾಯಿರಿ.

3. ಚಿತ್ರ ಬರುತ್ತದೆ, 'ನೋ ಬೂಟ್ ಡಿವೈಸ್' ಎನ್ನುತ್ತದೆ: ಹಾರ್ಡ್ ಡಿಸ್ಕ್ ಅಥವಾ ಎಸ್‌ಎಸ್‌ಡಿಯ ಕೇಬಲ್ ಸಡಿಲವಾಗಿರಬಹುದು.

4. ಆನ್ ಆಗಿ ಸ್ವಲ್ಪ ಹೊತ್ತಿಗೆ ಆಫ್: ಪ್ರೊಸೆಸರ್ ಮೇಲಿನ ಫ್ಯಾನ್ ಕಳಚಿದ್ದೀರಾ? ಹಾಗಿದ್ದರೆ ಹಳೆಯ ಥರ್ಮಲ್ ಪೇಸ್ಟ್ ಒರೆಸಿ ಹೊಸದನ್ನು ಹಚ್ಚಲೇಬೇಕು. ಬಿಸಿ ಮಿತಿ ಮೀರಿದರೆ ಪ್ರೊಸೆಸರ್ ತಾನಾಗಿ ಕೆಲಸ ನಿಲ್ಲಿಸುತ್ತದೆ.

ಇವನ್ನು ಮಾಡಲೇಬೇಡಿ

ಎಸ್‌ಎಂಪಿಎಸ್ ಡಬ್ಬಿ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರೊಳಗಿನ ಕೆಪಾಸಿಟರ್‌ನಲ್ಲಿ 300 ವೋಲ್ಟ್‌ಗೂ ಹೆಚ್ಚು ವಿದ್ಯುತ್ ಉಳಿದಿರಬಹುದು. ಅದು ಜೀವಕ್ಕೇ ಅಪಾಯ. ಮನೆಯ ವ್ಯಾಕ್ಯೂಮ್ ಕ್ಲೀನರ್‌ನ ಪ್ಲಾಸ್ಟಿಕ್ ಮೂತಿಯಲ್ಲಿ ಸ್ಥಿರ ವಿದ್ಯುತ್ ಹುಟ್ಟುತ್ತದೆ. ನಮ್ಮ ಕೈಗೆ ಗೊತ್ತೇ ಆಗದಷ್ಟು ಸಣ್ಣ ಕಿಡಿಯೂ ಚಿಪ್ ಹಾಳುಮಾಡಬಲ್ಲದು. ಒದ್ದೆ ಬಟ್ಟೆ ಬಳಸಿದ್ದರೆ ಪೂರ್ತಿ ಒಣಗುವವರೆಗೆ ಆನ್ ಮಾಡಬೇಡಿ. ಕುಂಕುಮ ಹಚ್ಚುವುದಿದ್ದರೆ ಗಾಳಿಕಿಂಡಿಯಿಂದ ದೂರವಿರಲಿ.

ಫೋಟೋ, ಫೈಲ್ ಹೋದವೇ?

ಕಂಪ್ಯೂಟರ್ ಆನ್ ಆಗಲಿಲ್ಲವೆಂದರೆ ಡೇಟಾ ಹೋಯಿತು ಎಂದರ್ಥವಲ್ಲ. ಅದು ಇರುವುದು ಡಿಸ್ಕ್‌ನಲ್ಲಿ. ಸಡಿಲ ರ್‍ಯಾಮ್ ಅಥವಾ ಕೇಬಲ್‌ಗೆ 'ಫಾರ್ಮ್ಯಾಟ್' ಪರಿಹಾರವೇ ಅಲ್ಲ. ಇಷ್ಟೆಲ್ಲ ನೋಡಿಯೂ ಸರಿಹೋಗದಿದ್ದರೆ ರಿಪೇರಿಯವರ ಬಳಿ ಒಯ್ಯಿರಿ. ಏನೇನು ಪರೀಕ್ಷಿಸಿದ್ದೀರಿ ಎಂದು ಹೇಳಿ, ಫಾರ್ಮ್ಯಾಟ್ ಮಾಡುವ ಮುನ್ನ ಡೇಟಾ ಬ್ಯಾಕಪ್ ಕೇಳಿ.

ರಬ್ಬರ್ ಸಲಹೆ ನಿಮ್ಮ ಗ್ರೂಪಿಗೆ ಮತ್ತೆ ಬಂದರೆ, "ಮೊದಲು ಪ್ಲಗ್ ಕೀಳಿ, ರ್‍ಯಾಮ್ ಗಟ್ಟಿಯಾಗಿ ಕೂರಿಸಿ" ಎಂದು ಸೇರಿಸಿಯೇ ಮುಂದೆ ಕಳುಹಿಸಿ.