ಹುಟ್ಟುಮಚ್ಚೆಯೂ ಲೇಸರ್ ಚಿಕಿತ್ಸೆಯೂ

ಹೋದ ವರ್ಷ ನೆರೆಮನೆಯ ನಾಮಕರಣಕ್ಕೆ ಹೋಗಿದ್ದೆವು. ತೊಟ್ಟಿಲಲ್ಲಿದ್ದ ಶಿಶುವಿನ ಎಡಗೆನ್ನೆಯನ್ನೆಲ್ಲ ಒಂದು ಕೆಂಪು ಮಚ್ಚೆಯು ಆವರಿಸಿದ್ದಿತು. ಹಿರಿಯ ಮುತ್ತೈದೆಯೊಬ್ಬರು, “ಬಸುರಿಯಾಗಿದ್ದಾಗ ಗ್ರಹಣ ನೋಡಿದೆಯೇನಮ್ಮಾ?” ಎಂದು ಬಾಣಂತಿಯನ್ನು ಕೇಳಿಯೇ ಬಿಟ್ಟರು. ಆಕೆ ಉತ್ತರ ಕೊಡಲಾರದೆ ಕಣ್ಣೊರಸಿಕೊಂಡಳು. ಅಂದು ಆಕೆಗೆ ಹೇಳಿದುದನ್ನೇ ಇಂದು ವಾಚಕರ ಮುಂದಿಡುತ್ತಿದ್ದೇವೆ.

ಇದರಲ್ಲಿ ತಾಯಿಯ ತಪ್ಪು ಎಳ್ಳಷ್ಟೂ ಇಲ್ಲ. ಸುಶ್ರುತಸಂಹಿತೆಯು ಹುಟ್ಟುಮಚ್ಚೆಯೊಂದನ್ನು ಜತುಮಣಿಯೆಂದು ಹೆಸರಿಸಿ, ಅದನ್ನು ‘ಸಹಜ’ವೆಂದಿದೆ, ಎಂದರೆ ಒಡನೆ ಹುಟ್ಟಿದುದು. ಈ ಶಿಶುವಿನ ಮಚ್ಚೆಯನ್ನು ವೈದ್ಯರು ಪೋರ್ಟ್‌ವೈನ್ ಸ್ಟೇನ್ ಎನ್ನುವರು. ಇದರಲ್ಲಿ ಚರ್ಮದ ಸೂಕ್ಷ್ಮ ರಕ್ತನಾಳಗಳು ಹಿಗ್ಗಿರುತ್ತವೆ. ಗರ್ಭಸ್ಥ ಪಿಂಡದ ಒಂದು ಜೀವಕೋಶದಲ್ಲಿ, ಜಿಎನ್‌ಎಕ್ಯೂ ಎಂಬ ಜೀನಿನಲ್ಲಿ, ತಾನಾಗಿಯೇ ಉಂಟಾಗುವ ಮಾರ್ಪಾಡೇ ಸಾಮಾನ್ಯವಾಗಿ ಇದಕ್ಕೆ ಮೂಲವೆಂದು 2013ರಲ್ಲಿ ತಿಳಿದುಬಂದಿತು. ಅದು ತಂದೆತಾಯಿಗಳಿಂದ ಬಂದುದಲ್ಲ. ಗ್ರಹಣದಿಂದಂತೂ ಅಲ್ಲವೇ ಅಲ್ಲ.

ಇನ್ನು ಚಿಕಿತ್ಸೆಯ ವಿಚಾರ. 1960ರಲ್ಲಿ ಅಮೆರಿಕದ ಮೈಮನ್ ಎಂಬವರು ಮೊದಲ ಲೇಸರನ್ನು ನಿರ್ಮಿಸಿದರು. 1983ರಲ್ಲಿ ಆಂಡರ್ಸನ್, ಪ್ಯಾರಿಷ್ ಎಂಬ ವೈದ್ಯರು ಅದನ್ನು ಚರ್ಮಕ್ಕೆ ಬಳಸುವ ತತ್ತ್ವವೊಂದನ್ನು ಪ್ರಕಟಿಸಿದರು. ರಕ್ತವು ಹೀರಿಕೊಳ್ಳುವ ಬಣ್ಣದ ಬೆಳಕನ್ನು ಸೆಕೆಂಡಿನ ಸುಮಾರು ಸಾವಿರದಲ್ಲೊಂದು ಪಾಲು ಕಾಲ ಮಾತ್ರ ಹಾಯಿಸಿದರೆ, ಶಾಖವು ಸುತ್ತ ಹರಡುವ ಮೊದಲೇ ರಕ್ತನಾಳವು ಬೆಂದು ಮುಚ್ಚುವುದು. ಮೇಲಣ ಚರ್ಮವು ಉಳಿಯುವುದು. ಈಗ ಇದಕ್ಕೆ ಬಳಸುವ ಪಲ್ಸ್ಡ್ ಡೈ ಲೇಸರಿನ ಬೆಳಕು 585 ಅಥವಾ 595 ನ್ಯಾನೊಮೀಟರ್ ತರಂಗಾಂತರದ್ದು. ಅದು ತಾಗಿದಾಗ ರಬ್ಬರ್ ಬ್ಯಾಂಡಿನಿಂದ ಹೊಡೆದಂತಾಗುವುದು. ಒಂದೆರಡು ವಾರ ಆ ಜಾಗವು ಕಪ್ಪುನೀಲಿಗಟ್ಟಬಹುದು. ಕೆಲವು ವಾರಗಳ ಅಂತರವಿಟ್ಟು ಹಲವು ಸಲ ಮಾಡಿಸಬೇಕು. ಎಳವೆಯಲ್ಲಿ ಆರಂಭಿಸಿದರೆ ಫಲವು ಹೆಚ್ಚು. ಮಚ್ಚೆಯು ತಿಳಿಯಾಗುವುದು ಸಾಮಾನ್ಯ. ನಿಶ್ಶೇಷವಾಗಿ ಅಳಿಯುವುದು ಅಪರೂಪ.

ಗೃಹಸ್ಥರು ಕೆಲವು ಸಂಗತಿಗಳನ್ನು ನೆನಪಿನಲ್ಲಿಡತಕ್ಕದ್ದು. ನಮ್ಮವರ ಕಂದುಚರ್ಮದ ವರ್ಣದ್ರವ್ಯವೂ ಈ ಬೆಳಕನ್ನು ಹೀರುವುದರಿಂದ ಸುಟ್ಟಗಾಯಗಳ, ಹೊಸ ಕಲೆಗಳ ಭಯವುಂಟು. ಆದಕಾರಣ ಅನುಭವಿಗಳಾದ ಚರ್ಮವೈದ್ಯರನ್ನೇ ಆಶ್ರಯಿಸಬೇಕು. ಬ್ಯೂಟಿ ಪಾರ್ಲರುಗಳ ಕೈಗೆ ಮಗುವಿನ ಮುಖವನ್ನು ಒಪ್ಪಿಸಲಾಗದು. ಇಂತಹ ಕೆಂಪು ಮಚ್ಚೆಯು ಹಣೆಯನ್ನಾಗಲಿ ಕಣ್ಣುರೆಪ್ಪೆಯನ್ನಾಗಲಿ ವ್ಯಾಪಿಸಿದ್ದರೆ ಗ್ಲಾಕೋಮ ಮುಂತಾದ ತೊಂದರೆಗಳಿರಬಹುದಾದುದರಿಂದ ಕಣ್ಣಿನ ಪರೀಕ್ಷೆಯು ಅವಶ್ಯ. ಎಲ್ಲ ಕಲೆಗಳಿಗೂ ಲೇಸರ್ ಬೇಕಿಲ್ಲ. ಶಿಶುಗಳ ಬೆನ್ನಿನ ಕೆಳಗಣ ನೀಲಿ ಕಲೆಯು ಸಾಮಾನ್ಯವಾಗಿ ತಾನಾಗಿಯೇ ಮಾಯುವುದು. ಹೆಂಗಸರ ಮುಖದ ಬಂಗಿಗೆ ಬಿಸಿಲಿನಿಂದ ರಕ್ಷಣೆ, ವೈದ್ಯರು ಹೇಳಿದ ಲೇಪನಗಳೇ ಮೊದಲು. ಲೇಸರಿನಿಂದ ಅದು ಉಲ್ಬಣಿಸಿದ್ದೂ ಉಂಟು.

ನೆರೆಮನೆಯ ಶಿಶುವಿಗೆ ಇದುವರೆಗೆ ಮೂರು ಸಲ ಚಿಕಿತ್ಸೆಯಾಗಿದೆ. ಕೆಂಪು ತುಸು ತೆಳುವಾಗಿದೆ. ತಾಯಿಯು ಈಗ ಮಗುವಿನ ಮುಖಕ್ಕೆ ಸೆರಗು ಮುಚ್ಚದೆ ಹೊರಗೆ ಬರುತ್ತಾಳೆ. ಮಚ್ಚೆಯನ್ನು ವೈದ್ಯರು ನೋಡಿಕೊಳ್ಳುವರು. ತಾಯಿಯ ಮೇಲಣ ಅಪವಾದವನ್ನು ಮನೆಯ ಹಿರಿಯರೇ ತೊಡೆಯಬೇಕು.