ತೂಕ ಇಳಿಯಲಿ, ಊಟ ಬಿಡಬೇಡಿ

ಸಕ್ಕರೆ ಕಾಯಿಲೆಯವರು ಮೈ ಇಳಿಸಬೇಕು, ನಿಜ. ಆದರೆ ಸೋದರಿಯರೇ, ಊಟ ಬಿಟ್ಟಲ್ಲ! ನಮ್ಮತ್ತೆ ತೂಕ ಇಳೀಲಿ ಅಂತ ಮಾತ್ರೆ ನುಂಗಿ ರಾತ್ರಿ ಊಟ ಬಿಟ್ಟರು. ಬೆಳಗಿನ ಜಾವ ತಲೆಸುತ್ತಿ ಬಚ್ಚಲಲ್ಲಿ ಬಿದ್ದರು. ಸೊಂಟದ ಮೂಳೆ ಮುರಿಯಿತು.

ರಕ್ತದ ಸಕ್ಕರೆ 70ಕ್ಕಿಂತ ಇಳಿದರೆ ಬೆವರು, ನಡುಕ ಬರುತ್ತದೆ. ಕೂಡಲೇ ಕೂರಿಸಿ, ಮೂರು ಟೀ ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿ; 15 ನಿಮಿಷದ ಮೇಲೆ ಮತ್ತೆ ಪರೀಕ್ಷಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೇನೂ ಹಾಕದೆ ಆಸ್ಪತ್ರೆಗೆ ಒಯ್ಯಿರಿ.

ಮೈಭಾರದಿಂದ ಮಂಡಿ ಸೋಲುತ್ತದೆ, ಹಳೆಯ ಕಾಯಿಲೆಯಿಂದ ಅಂಗಾಲು ಜೋಮುಗಟ್ಟುತ್ತದೆ. ಉಪವಾಸದಿಂದ ತೊಡೆಯ ಬಲವೂ ಕರಗಿದರೆ ನಿಲ್ಲುವುದು ಹೇಗೆ? ಅನ್ನ ಕಡಿಮೆ ಮಾಡಿ; ಬೇಳೆ, ಮೊಳಕೆಕಾಳು ಬಿಡಬೇಡಿ. ಬಚ್ಚಲಿಗೆ ಹಿಡಿ, ರಾತ್ರಿಗೆ ದೀಪ ಇರಲಿ. ಊಟ ಬದಲಿಸುವ ಮುಂಚೆ ಡಾಕ್ಟರನ್ನು ಕೇಳಿ.

ಅತ್ತೆ ಈಗ ಕೋಲೂರಿ ನಡೆಯುತ್ತಾರೆ. ನಿಮ್ಮ ಮನೆಯಲ್ಲಿ ಹಾಗಾಗದಿರಲಿ.