ಆಲ್ಕೊಹಾಲಿನ ಉತ್ಕರ್ಷಣ: ಹೆಂಡದ ಮಡಕೆ ಮತ್ತು ಗೋಚರ ಬೆಳಕು

ಈಚಲ ಮರದಿಂದ ಇಳಿಸಿದ ಹೆಂಡ ಹೊತ್ತೇರಿದಂತೆ ಹುಳಿಯಾಗುವುದು ಅದನ್ನು ಇಳಿಸುವವರಿಗೂ ಕುಡಿಯುವವರಿಗೂ ತಿಳಿದ ಸಂಗತಿ. ಯೀಸ್ಟ್ ಮೊದಲು ಸಕ್ಕರೆಯನ್ನು ಆಲ್ಕೊಹಾಲನ್ನಾಗಿಸುತ್ತದೆ. ಅನಂತರ ಕೆಲವು ಬ್ಯಾಕ್ಟೀರಿಯಗಳು ಗಾಳಿಯ ಆಮ್ಲಜನಕವನ್ನು ಬಳಸಿ ಅದನ್ನು ಅಸಿಟಾಲ್ಡಿಹೈಡ್ ಆಗಿಯೂ ಮುಂದೆ ಅಸಿಟಿಕ್ ಆಮ್ಲವಾಗಿಯೂ ಮಾರ್ಪಡಿಸುತ್ತವೆ. ಈ ಎರಡನೆಯ ಹಂತವೇ ಆಲ್ಕೊಹಾಲಿನ ಉತ್ಕರ್ಷಣ. ಹೊತ್ತಿನೊಂದಿಗೆ ಹುಳಿ ಏರುವುದನ್ನು ಕಂಡು ಬೆಳಕೇ ಇದಕ್ಕೆ ಕಾರಣವೆಂದು ಭಾವಿಸಲಾಗದು. ಬಿಸಿಲಿನ ಕಾವು ಕ್ರಿಯೆಯನ್ನು ಚುರುಕುಗೊಳಿಸೀತು. ಕತ್ತಲೆಯಲ್ಲಿಟ್ಟ ಹೆಂಡವೂ ಹುಳಿಯುತ್ತದೆ. ಜನಪದರ ಅರಿವಿನಲ್ಲಿ ಇಂದಿನ ವಿಜ್ಞಾನವನ್ನೆಲ್ಲ ಕಾಣುವ ಉತ್ಸಾಹ ನಮ್ಮ ಕ್ಷೇತ್ರದಲ್ಲಿ ಹೆಚ್ಚಾಗಿರುವುದರಿಂದ ಈ ಮಾತನ್ನು ಮೊದಲೇ ಹೇಳಬೇಕಾಗಿದೆ.

ಪ್ರಯೋಗಶಾಲೆಯಲ್ಲಿ ಇದೇ ಬಗೆಯ ಮಾರ್ಪಾಟಿಗೆ ದೀರ್ಘಕಾಲ ಬಳಕೆಯಾದವು ಕ್ರೋಮಿಕ್ ಆಮ್ಲ ಮತ್ತು ಡೈಕ್ರೋಮೇಟ್ ಲವಣಗಳು. ಆಲ್ಕೊಹಾಲಿನೊಡನೆ ವರ್ತಿಸಿದಾಗ ಕಿತ್ತಳೆ ಬಣ್ಣದ ಡೈಕ್ರೋಮೇಟ್ ಹಸಿರಿಗೆ ತಿರುಗುತ್ತದೆ. 1954ರಲ್ಲಿ ರಾಬರ್ಟ್ ಬೋರ್ಕೆನ್‌ಸ್ಟೈನ್ ರೂಪಿಸಿದ, ಕುಡಿದವರ ಉಸಿರನ್ನು ಪರೀಕ್ಷಿಸುವ ಉಪಕರಣ ಈ ಕ್ರಿಯೆಯನ್ನೇ ಆಧರಿಸಿತ್ತು. ಆದರೆ ಈ ಹಸಿರು 'ಹಸಿರು ರಸಾಯನವಿಜ್ಞಾನ'ದ ಹಸಿರಲ್ಲ. ಅಂಥ ಕ್ರೋಮಿಯಂ ಸಂಯುಕ್ತಗಳು ಕ್ಯಾನ್ಸರ್‌ಕಾರಕವಾದವು. ಕ್ರಿಯೆ ಮುಗಿದ ಮೇಲೆ ಲೋಹದ ತ್ಯಾಜ್ಯವೂ ಉಳಿಯುತ್ತದೆ. ಪಾಲ್ ಅನಸ್ತಾಸ್ ಮತ್ತು ಜಾನ್ ವಾರ್ನರ್ 1998ರಲ್ಲಿ ಮಂಡಿಸಿದ 12 ತತ್ತ್ವಗಳಲ್ಲಿ ಮೊದಲನೆಯದು, ತ್ಯಾಜ್ಯ ಹುಟ್ಟದಂತೆಯೇ ನೋಡಿಕೊಳ್ಳಬೇಕೆಂಬುದು.

ಗೋಚರ ಬೆಳಕಿನ ಕ್ರಿಯಾವರ್ಧನೆಯ ಮಹತ್ವ ಇಲ್ಲಿದೆ. ರೈಬೊಫ್ಲೇವಿನ್, ಅಂದರೆ ಬಿ2 ಜೀವಸತ್ವ, ಇದಕ್ಕೊಂದು ನಿದರ್ಶನ. ಹಳದಿ ಬಣ್ಣದ ಈ ವಸ್ತು ಸುಮಾರು 450 ನ್ಯಾನೊಮೀಟರ್ ತರಂಗದೂರದ ನೀಲಿ ಬೆಳಕನ್ನು ಹೀರಿ ಉದ್ರಿಕ್ತ ಸ್ಥಿತಿಗೇರುತ್ತದೆ. ಆಗ ಅದು ಬೆಂಜೈಲ್ ವರ್ಗದ ಆಲ್ಕೊಹಾಲಿನಿಂದ ಎಲೆಕ್ಟ್ರಾನು ಹಾಗೂ ಹೈಡ್ರೋಜನನ್ನು ಸೆಳೆದು ಅದನ್ನು ಆಲ್ಡಿಹೈಡ್ ಆಗಿಸುತ್ತದೆ. ಗಾಳಿಯ ಆಮ್ಲಜನಕ ಅವನ್ನು ರೈಬೊಫ್ಲೇವಿನ್‌ನಿಂದ ಪಡೆದು ಹೈಡ್ರೋಜನ್ ಪೆರಾಕ್ಸೈಡ್ ಆಗುತ್ತದೆ. ರೈಬೊಫ್ಲೇವಿನ್ ಮೊದಲಿನ ರೂಪಕ್ಕೆ ಮರಳಿ ಮತ್ತೊಂದು ಸುತ್ತಿಗೆ ಸಿದ್ಧವಾಗುತ್ತದೆ. ಕ್ರೋಮಿಯಂ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಗಾಳಿ ಮತ್ತು ಬೆಳಕು ಹಂಚಿಕೊಂಡಿವೆ. ಬಿಸಿಲಿಗಿಟ್ಟ ಹಾಲಿಗೆ ಬರುವ ಕೆಟ್ಟ ವಾಸನೆಯ ಹಿಂದೆಯೂ ಇರುವುದು ಇದೇ ರೈಬೊಫ್ಲೇವಿನ್. ಬೆಳಕು ನಿಜವಾಗಿ ಕೆಲಸ ಮಾಡುವ ನಿದರ್ಶನ ಬೇಕಿದ್ದರೆ, ಅದು ಹೆಂಡದ ಮಡಕೆಯಲ್ಲಲ್ಲ, ಹಾಲಿನ ಪಾತ್ರೆಯಲ್ಲಿದೆ.

ಈ ವಿಧಾನಕ್ಕೆ ಮಿತಿಗಳೂ ಉಂಟು. ರೈಬೊಫ್ಲೇವಿನ್ ಬೆಳಕಿನಲ್ಲಿ ತಾನೂ ಕ್ರಮೇಣ ವಿಘಟಿತವಾಗುತ್ತದೆ. ಬಳಸಿದ ದ್ರಾವಕವನ್ನೂ, ದೀಪದ ವಿದ್ಯುತ್ತು ಕಲ್ಲಿದ್ದಲಿನಿಂದ ಬಂದಿದ್ದರೆ ಅದರ ಹೊಗೆಯನ್ನೂ ಲೆಕ್ಕಕ್ಕೆ ಹಿಡಿಯದೆ ಇದನ್ನು ಹಸಿರೆಂದು ಕರೆಯುವುದು ಆತುರವಾದೀತು. ಹೆಂಡದಲ್ಲಿರುವ ಎಥನಾಲ್‌ನಂಥ ಸರಳ ಆಲ್ಕೊಹಾಲುಗಳಂತೂ ರೈಬೊಫ್ಲೇವಿನ್‌ಗೆ ಬೆಂಜೈಲ್ ವರ್ಗದವುಗಳಷ್ಟು ಸುಲಭವಾಗಿ ಮಣಿಯುವುದಿಲ್ಲ; ಆ ಕೆಲಸಕ್ಕೆ ಮಡಕೆಯ ಬ್ಯಾಕ್ಟೀರಿಯಗಳೇ ಹೆಚ್ಚು ಸಮರ್ಥವಾಗಿವೆ.